ಪತ್ತನಾಜೆ ಕಳೆದ ಮೇಲೆ ಕೇಪುಳಕ್ಕೆ ಕತ್ತಿ

ಕಾಸರಗೋಡಿನ ಬದಿಯಡ್ಕದ ಸುತ್ತಲಿನ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಬಯಲು ಗುಡ್ಡೆಗಳಲ್ಲಿ, ಕೇಪುಳ ಎಂಬ ಕೆಂಪು ಗೊಂಚಲು ಹೂವಿನ ಕಾಡು ಇಕ್ಸೋರಾ ಯಾರೂ ನೆಡದೆಯೇ ಬೆಳೆಯುತ್ತದೆ. ಮುರಕಲ್ಲಿನ ಸಂದಿನಲ್ಲಿ ಹಿಡಿಯಷ್ಟು ಮಣ್ಣು ಸಿಕ್ಕರೆ ಸಾಕು, ಕುಂಟಾಲದ ಪೊದೆಯ ಪಕ್ಕದಲ್ಲಿ ಅದೂ ಬೇರೂರುತ್ತದೆ. ಅಂಥದ್ದನ್ನು ಅಂಗಳಕ್ಕೆ ತಂದು ಸಾಕುವುದೇಕೆ ಎಂದು ಕೇಳುವವರಿದ್ದಾರೆ. ಆ ಪದವುಗಳೇ ಕರಗುತ್ತಿವೆಯಲ್ಲ! ಒಂದು ಕಡೆ ಕಲ್ಲಿನ ಕೋರೆ, ಇನ್ನೊಂದು ಕಡೆ ರಬ್ಬರ್ ತೋಟ. ದೈವಗಳ ಆರಾಧನೆಯಾದ ನೇಮಕ್ಕೆ ಬುಟ್ಟಿ ತುಂಬ ಕೇಪುಳ ಬೇಕೆಂದರೆ ಕೊಯ್ದು ತರಲು ಗುಡ್ಡೆ ಎಲ್ಲಿದೆ? ಅದಕ್ಕೇ ನಮ್ಮ ಅಂಗಳದ ಬದಿಯಲ್ಲಿ ಬೇಲಿಯಾಗಿ ಕೇಪುಳವನ್ನೇ ಬೆಳೆಸಿದ್ದೇನೆ.

ನರ್ಸರಿಯಲ್ಲಿ ಇಕ್ಸೋರಾ ಎಂದು ಕೊಡುವ ಗಿಡ್ಡ ಗಿಡಗಳಲ್ಲಿ ಬಹಳಷ್ಟು ಚೀನಾ ಕಡೆಯ ಜಾತಿಯವು, ಇಲ್ಲವೇ ಮಿಶ್ರತಳಿ. ಗುರುತು ಹಿಡಿಯುವುದು ಸುಲಭ. ನಮ್ಮ ಕೇಪುಳದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಎಲೆಯ ಬುಡ ಕಡ್ಡಿಗೇ ತಾಗಿಕೊಂಡಿರುತ್ತದೆ. ಹೂವಿನ ಎಸಳು ಚೂಪು. ಚೀನಾ ಜಾತಿಯದ್ದರ ಎಸಳಿನ ತುದಿ ದುಂಡಗೆ. ಅಂದಕ್ಕೆ ಅದೂ ಆಗುತ್ತದೆ, ಆದರೆ ನನಗೆ ಬೇಕಿದ್ದದ್ದು ಹಣ್ಣು ಬಿಡುವ, ಹಕ್ಕಿ ಬರುವ, ದೈವಕ್ಕೆ ಸಲ್ಲುವ ಊರ ಕೇಪುಳ.

ಈ ಗಿಡಕ್ಕೆ ಗೊಬ್ಬರಕ್ಕಿಂತ ಮೊದಲು ನೋಡಬೇಕಾದದ್ದು ಜಾಗ. ಕೇಪುಳ ಹುಳಿಮಣ್ಣಿನ ಗಿಡ. ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋದ ನಮ್ಮ ಕೆಂಪು ಮುರಮಣ್ಣು ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಹೊಸ ಮನೆ ಕಟ್ಟಿದವರ ಅಂಗಳದ ಮಣ್ಣು ಹಾಗಿರುವುದಿಲ್ಲ. ಗಾರೆಯ ಚೂರು, ಸಿಮೆಂಟಿನ ಪುಡಿ, ಬಳಿದು ಉಳಿದ ಸುಣ್ಣ ಎಲ್ಲ ಗೋಡೆಯ ಬುಡದಲ್ಲೇ ಸೇರಿರುತ್ತವೆ. ಅಲ್ಲಿ ನೆಟ್ಟ ಕೇಪುಳದ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ದೆಸೆಯಿಂದ ಬೇರಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ನಾನು ಗೋಡೆಯಿಂದ ನಾಲ್ಕಡಿ ಬಿಟ್ಟು, ಪಿಕ್ಕಾಸಿನಿಂದ ಒಂದೂವರೆ ಅಡಿ ಆಳದ ಹೊಂಡ ತೋಡಿಸಿ, ಗುಡ್ಡೆಯ ಮೇಲ್ಮಣ್ಣು, ಕೊಳೆತ ತರಗೆಲೆ, ಒಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ ತುಂಬಿಸಿದೆ. ಗಿಡದಿಂದ ಗಿಡಕ್ಕೆ ಮೂರಡಿ.

ಇನ್ನೊಂದು ಮಾತು ಬೂದಿಯದ್ದು. ಬಚ್ಚಲ ಒಲೆಯ ಬೂದಿಯನ್ನು ಸಿಕ್ಕ ಗಿಡದ ಬುಡಕ್ಕೆ ಸುರಿಯುವುದು ನಮ್ಮ ಕಡೆ ಎಲ್ಲರ ಮನೆಯ ಅಭ್ಯಾಸ. ತೆಂಗಿಗೆ, ಬಾಳೆಗೆ ಅದು ಒಳ್ಳೆಯದೇ. ಕೇಪುಳಕ್ಕೆ ಮಾತ್ರ ಬೇಡವೇ ಬೇಡ. ಬೂದಿ ಮಣ್ಣಿನ ಹುಳಿಯನ್ನು ಮುರಿಯುತ್ತದೆ. ಬೂದಿ ಬೆರೆತಿರುವ ಸುಡುಮಣ್ಣನ್ನೂ ಇದೇ ಕಾರಣಕ್ಕೆ ಹತ್ತಿರ ಸೇರಿಸುವುದಿಲ್ಲ. ಅತ್ತೆಗೆ ಇದನ್ನು ಒಪ್ಪಿಸುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು. “ನಮ್ಮ ಕಾಲದಲ್ಲಿ ಬೂದಿ ಹಾಕದ ಗಿಡವೇ ಇರಲಿಲ್ಲ” ಎನ್ನುತ್ತಿದ್ದರು. ಈಗ ಬೂದಿಯ ಬುಟ್ಟಿ ಹಿಡಿದು ಬಂದವರನ್ನು ಅವರೇ ತೆಂಗಿನ ಕಡೆಗೆ ತಿರುಗಿಸುತ್ತಾರೆ.

ಇನ್ನು ಕತ್ತರಿಸುವ ವಿಚಾರ. ಕೆನಡಾದಲ್ಲಿರುವ ತಮ್ಮನ ಮಗಳು ತನ್ನ ಅಂಗಳದ ರೆಡ್ ಟ್ವಿಗ್ ಡಾಗ್‌ವುಡ್‌ನ ಚಿತ್ರ ಕಳುಹಿಸಿದ್ದಳು. ಎಲೆ ಉದುರಿ, ಹಿಮದ ನಡುವೆ ಬರೀ ಕೆಂಪು ಕಡ್ಡಿಗಳು. ಅತ್ತೆಗೆ ಅದು ಇಲ್ಲಿಗೂ ಬೇಕೆನಿಸಿತು. ಆದರೆ ಅದು ಚಳಿ ನಾಡಿನ ಗಿಡ, ನಮ್ಮ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಅದರ ಆರೈಕೆಯ ಕ್ರಮ ಮಾತ್ರ ನನಗೆ ಹಿಡಿಸಿತು. ಕಡ್ಡಿ ಹಳತಾದಂತೆ ಕೆಂಪು ಮಾಸುವುದರಿಂದ, ಚಳಿಗಾಲದ ಕೊನೆಯಲ್ಲಿ ಮೂರರಲ್ಲೊಂದು ಪಾಲು ಹಳೆಯ ಕಡ್ಡಿಗಳನ್ನು ಬುಡದಲ್ಲೇ ಕತ್ತರಿಸುತ್ತಾರಂತೆ. ಕೇಪುಳವೂ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಪ್ರತಿ ವರ್ಷ ಹಳೆಯ ಕಡ್ಡಿಗಳಲ್ಲಿ ಮೂರರಲ್ಲೊಂದನ್ನು ಮೊಣಕಾಲೆತ್ತರಕ್ಕೆ ಇಳಿಸುತ್ತೇನೆ, ಉಳಿದವುಗಳ ತುದಿ ಚಿವುಟುತ್ತೇನೆ. ಪೂರ್ತಿ ಬೋಳಿಸಿದರೂ ಸಾಯುವ ಗಿಡವಲ್ಲ, ಆದರೆ ಬೆಳವಣಿಗೆ ನಿಧಾನ. ಮತ್ತೆ ತುಂಬಿಕೊಳ್ಳಲು ಬಹಳ ಕಾಲ ಬೇಕು.

ಇದಕ್ಕೆ ಹೊತ್ತು ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ವರ್ಷದ ನೇಮಗಳಿಗೆ ತೆರೆ ಬೀಳುವ ದಿನ, ಕಳೆದ ಮೇಲೆ. ಮೇ ಕೊನೆಗೆ ಕೋಲ, ನೇಮಗಳೆಲ್ಲ ಮುಗಿದಿರುತ್ತವೆ, ಹೂವಿಗೆ ಯಾರೂ ಬುಟ್ಟಿ ಹಿಡಿದು ಬರುವುದಿಲ್ಲ. ಹಿಂದೆಯೇ ಮಳೆ. ಆಗ ಕತ್ತರಿಸಿದರೆ ಮಳೆಗಾಲವಿಡೀ ಚಿಗುರು ಬಲಿತು, ದೀಪಾವಳಿಯ ನಂತರ ನೇಮಗಳು ಶುರುವಾಗುವಾಗ ಗೊಂಚಲು ಕಾಣಿಸುತ್ತದೆ. ಕತ್ತರಿಸಿದ್ದೂ ಹಾಳಾಗುವುದಿಲ್ಲ. ಪೂರ್ತಿ ಎಳೆಯದೂ ಅಲ್ಲದ, ಗಟ್ಟಿ ಮರವೂ ಆಗದ ಕಡ್ಡಿಗಳನ್ನು ಗೇಣುದ್ದ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಮೇಲಿನ ಎರಡನ್ನು ಅರ್ಧ ಕತ್ತರಿಸಿ, ಹೊಯಿಗೆ (ಮರಳು) ಮತ್ತು ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಊರುತ್ತೇನೆ. ನೇರ ಮಳೆ ಬೀಳದ, ಬೆಳಕಿರುವ ಜಗಲಿಯ ಅಂಚಿನಲ್ಲಿ ಇಟ್ಟರಾಯಿತು. ಬೇರು ಬರಲು ಎರಡು ತಿಂಗಳಾದರೂ ಬೇಕು. ಎಳೆದು ನೋಡಬಾರದು, ಹೊಸ ಎಲೆ ಬಂದರೆ ಬೇರು ಬಂದಿದೆ ಎಂದೇ ಲೆಕ್ಕ.

ರೋಗ ಹೆಚ್ಚಿಲ್ಲ. ಬೇಸಿಗೆಯಲ್ಲಿ ಹಿಟ್ಟುತಿಗಣೆ ಬರುತ್ತದೆ, ಅದು ಸೂಸುವ ಸಿಹಿ ಅಂಟಿಗೆ ಇರುವೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು. ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸುತ್ತೇನೆ. ವಿಷದ ಮದ್ದು ಹೊಡೆಯುವುದಿಲ್ಲ, ಏಕೆಂದರೆ ಈ ಹೂವಿನ ಉದ್ದ ಕೊಳವೆಯಿಂದ ಮಕರಂದ ಹೀರಲು ಬರುವುದು ಚಿಟ್ಟೆಗಳು. ಹಳದಿ ಕೆಳರೆಕ್ಕೆಯ ದೊಡ್ಡ ಸದರ್ನ್ ಬರ್ಡ್‌ವಿಂಗ್ ಕೇಪುಳದ ಮೇಲೆ ರೆಕ್ಕೆ ಬಡಿಯುತ್ತಲೇ ಹೀರುವುದನ್ನು ನೋಡಿದವರು ಮದ್ದಿನ ಡಬ್ಬಿ ಮುಟ್ಟುವುದಿಲ್ಲ.

ಹೂ ಮಿಕ್ಕ ದಿನ ತಂಬುಳಿ ಮಾಡುತ್ತೇವೆ. ಒಂದು ಹಿಡಿ ಹೂವನ್ನು ಜೀರಿಗೆ, ಒಳ್ಳೆಮೆಣಸಿನ (ಕಾಳುಮೆಣಸಿನ) ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಮತ್ತು ಉಪ್ಪು ಹಾಕುವುದು. ಹೊಟ್ಟೆ ಕೆಟ್ಟಾಗ ಅನ್ನದ ಜೊತೆ ನಮ್ಮ ಮನೆಯಲ್ಲಿ ಮೊದಲು ಬಡಿಸುವುದು ಇದನ್ನೇ.