ಅಳಿಸಿದ್ದೇನೆ ಅಂದುಕೊಂಡ ಫೋಟೊ

ಗಿಡಗಳ ಬಗ್ಗೆ ಒಂದು ಚಿಕ್ಕ ವೆಬ್‌ಸೈಟ್ ನಡೆಸುತ್ತೇನೆ. ಒಂದು ದಿನ ಫೋಟೊ ತೆಗೆದವರ ಪರವಾಗಿ ಹಣ ಕೇಳುವ ಏಜೆನ್ಸಿಯೊಂದರಿಂದ ಇಮೇಲ್ ಬಂತು. ಹಳೇ ಬರಹವೊಂದರಲ್ಲಿ ಹಾಕಿದ್ದ ಜರೀಗಿಡದ ಫೋಟೊಗೆ ಅನುಮತಿ ಪಡೆದಿಲ್ಲ, 14 ದಿನದೊಳಗೆ ಹಣ ಕಟ್ಟಿ, ಇಲ್ಲದಿದ್ದರೆ ವಿಷಯ ವಕೀಲರ ಕೈಗೆ ಹೋಗುತ್ತದೆ ಅಂತ. ಜೊತೆಗೆ ನನ್ನದೇ ಪುಟದ ಸ್ಕ್ರೀನ್‌ಶಾಟ್.

ಮೊದಲು ಇದು ಮೋಸ ಅಂದುಕೊಂಡೆ. ಇಂಥ ಪತ್ರದ ವೇಷದಲ್ಲಿ ವೈರಸ್ ಕಳಿಸುವವರೂ ಇದ್ದಾರೆ. ಹಾಗಾಗಿ ಅದರಲ್ಲಿದ್ದ ಯಾವ ಲಿಂಕನ್ನೂ ಒತ್ತಲಿಲ್ಲ. ಆ ಏಜೆನ್ಸಿಯ ವಿಳಾಸ ನಾನೇ ಹುಡುಕಿ, ಅಲ್ಲಿಂದ ಕೇಳಿದೆ. ಪತ್ರ ಅವರದ್ದೇ. ಸರಿ, ಫೋಟೊ ಯಾರದ್ದು, ಅವರ ಪರವಾಗಿ ಹಣ ಕೇಳೋ ಅಧಿಕಾರ ನಿಮಗಿದೆ ಅನ್ನೋದಕ್ಕೆ ಏನು ದಾಖಲೆ ಅಂತ ಬರೆದೆ. ಅಷ್ಟೇ ಬರೆದೆ. ಗಾಬರಿಯಲ್ಲಿ ‘ಕ್ಷಮಿಸಿ, ಗೊತ್ತಿರಲಿಲ್ಲ’ ಅಂತ ಉದ್ದುದ್ದ ಬರೆಯುವ ಆಸೆ ಬಂದಿತ್ತು, ತಡೆದುಕೊಂಡೆ.

ಉತ್ತರ ಬರುವಷ್ಟರಲ್ಲಿ ಫೋಟೊದ ಜಾತಕ ತೆಗೆದೆ. ಗೂಗಲ್ ಮತ್ತು ಚಿತ್ರ ಹುಡುಕಿಕೊಡುವ ಟಿನ್‌ಐ ಸೈಟ್ ಎರಡರಲ್ಲೂ ಚಿತ್ರವನ್ನೇ ಹಾಕಿ ಹುಡುಕಿದೆ. ನಾನು ಅದನ್ನು ತಗೊಂಡಿದ್ದು ಬೇರೆ ಯಾರದ್ದೋ ಪುಟದಿಂದ. ಅಲ್ಲಿ ಹೆಸರೂ ಇರಲಿಲ್ಲ, ಕಾಪಿರೈಟ್ ಗುರುತೂ ಇರಲಿಲ್ಲ. ಗುರುತಿಲ್ಲ ಅಂದರೆ ಹಕ್ಕಿಲ್ಲ ಅಂತಲ್ಲ. ಕಾಪಿರೈಟ್ ಕುರಿತ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕು ಸಿಗೋಕೆ ನೋಂದಣಿಯೂ ಬೇಡ. ಮೂಲ ಸಿಕ್ಕಿದ್ದು ವಿಕಿಪೀಡಿಯಾ ಬಳಗದ ಫೋಟೊ ಭಂಡಾರ ವಿಕಿಮೀಡಿಯಾ ಕಾಮನ್ಸ್‌ನಲ್ಲಿ. ಫೋಟೊ ತೆಗೆದವರೇ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ ಲೈಸೆನ್ಸ್ ಕೊಟ್ಟು ಹಾಕಿದ್ದರು. ಅಂದರೆ ಯಾರು ಬೇಕಾದರೂ ಬಳಸಬಹುದು, ಆದರೆ ಹೆಸರು ಹಾಕಬೇಕು, ಲೈಸೆನ್ಸ್‌ಗೆ ಲಿಂಕ್ ಕೊಡಬೇಕು. ನಾನು ಎರಡೂ ಮಾಡಿರಲಿಲ್ಲ. ಪುಕ್ಕಟೆ ಸಿಗುತ್ತಿದ್ದ ಫೋಟೊಗೆ ದುಡ್ಡು ಕೊಡೋ ಸ್ಥಿತಿ ತಂದುಕೊಂಡಿದ್ದು ಒಂದು ಸಾಲು ಬರೆಯದೆ!

ಇಲ್ಲಿ ಲೈಸೆನ್ಸ್‌ನ ಆವೃತ್ತಿಯ ಸಂಖ್ಯೆ ನೋಡಲೇಬೇಕು. 4.0 ಆಗಿದ್ದರೆ ತಪ್ಪು ಗೊತ್ತಾದ 30 ದಿನದೊಳಗೆ ತಿದ್ದಿಕೊಂಡರೆ ಲೈಸೆನ್ಸ್ ತಾನಾಗಿಯೇ ಮರಳಿ ಸಿಗುತ್ತದೆ. ಆದರೂ ಹಿಂದಿನ ತಪ್ಪಿಗೆ ಪರಿಹಾರ ಕೇಳುವ ಹಕ್ಕು ಅವರಿಗೆ ಉಳಿದಿರುತ್ತದೆ. ನನ್ನದು 3.0. ಅದರಲ್ಲಿ ಆ 30 ದಿನದ ಅವಕಾಶ ಇಲ್ಲ. ಷರತ್ತು ಮುರಿದ ಕೂಡಲೇ ಲೈಸೆನ್ಸ್ ಹೋಯಿತು.

ಪುಟದ ಸ್ಕ್ರೀನ್‌ಶಾಟ್, ಫೋಟೊ ಹಾಕಿದ ದಿನಾಂಕ, ಎಷ್ಟು ಜನ ನೋಡಿದ್ದಾರೆ ಅನ್ನೋ ಲೆಕ್ಕ ಎಲ್ಲ ಉಳಿಸಿಕೊಂಡು ಫೋಟೊ ತೆಗೆದುಹಾಕಿದೆ. ವಾರದ ನಂತರ ಏಜೆನ್ಸಿಯಿಂದ ಇನ್ನೊಂದು ಪತ್ರ: ‘ಫೋಟೊ ಇನ್ನೂ ಇದೆ.’ ಜೊತೆಗೆ ನೇರ ಲಿಂಕ್. ಒತ್ತಿದರೆ ಜರೀಗಿಡ ನಗುತ್ತಿದೆ! ನಾನು ಬರಹದಿಂದ ತೆಗೆದಿದ್ದೆ, ಸರ್ವರ್‌ನಿಂದ ಅಲ್ಲ. ನನ್ನ ವೆಬ್‌ಸೈಟ್ ನಡೆಯುವ ವರ್ಡ್‌ಪ್ರೆಸ್ ತಂತ್ರಾಂಶ ಒಂದು ಚಿತ್ರ ಹಾಕಿದರೆ ಬೇರೆ ಬೇರೆ ಅಳತೆಯ ಪ್ರತಿಗಳನ್ನೂ ಮಾಡಿಡುತ್ತದೆ. ಮೀಡಿಯಾ ಲೈಬ್ರರಿಯಲ್ಲೇ ಅಳಿಸಿದೆ. ಆಮೇಲೆ ಪುಟಗಳ ಹಳೇ ಪ್ರತಿ ಉಳಿದಿರುವ ಕ್ಯಾಶ್ ಖಾಲಿ ಮಾಡಿ, ಬೇರೆ ಬ್ರೌಸರ್‌ನಲ್ಲಿ ಅದೇ ಲಿಂಕ್ ತೆರೆದು ನೋಡಿದೆ. ಚಿತ್ರ ಬರಲಿಲ್ಲ. ಆಗಲೇ ನಂಬಿಕೆ ಬಂದಿದ್ದು.

ಅಷ್ಟರಲ್ಲಿ ಅವರ ದಾಖಲೆಯೂ ಬಂತು, ಸರಿಯಾಗಿಯೇ ಇತ್ತು. ವಾದ ಬಿಟ್ಟೆ. ಚೌಕಾಸಿಗೆ ಇಳಿದೆ. ಇದೇ ಫೋಟೊವನ್ನು ಹೆಸರು ಹಾಕದೆ ಬಳಸಲು ಮೊದಲೇ ಲೈಸೆನ್ಸ್ ಕೊಂಡಿದ್ದರೆ ಎಷ್ಟಾಗುತ್ತಿತ್ತು, ನೀವು ಕೇಳುತ್ತಿರುವ ಮೊತ್ತದಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಹೇಳಿ ಅಂದೆ. ಜಾಹೀರಾತಿಲ್ಲದ ವೆಬ್‌ಸೈಟ್ ಅನ್ನೋದನ್ನೂ, ನೋಡಿದವರ ಲೆಕ್ಕವನ್ನೂ ಮುಂದಿಟ್ಟೆ. ಮೂರು ಪತ್ರಗಳಲ್ಲಿ ಮೊತ್ತ ಅರ್ಧಕ್ಕಿಂತ ಕೆಳಗೆ ಇಳಿಯಿತು. ಈ ಫೋಟೊದ ಹಿಂದಿನ ಬಳಕೆಗೆ ಮುಂದೆ ಏನೂ ಕೇಳುವುದಿಲ್ಲ ಅಂತ ಬರೆದುಕೊಟ್ಟ ಮೇಲೇ ಹಣ ಕಳಿಸಿದೆ. ಇನ್ನೂ ದೊಡ್ಡ ಮೊತ್ತ ಆಗಿದ್ದರೆ ಸುಮ್ನೆ ನಾನೇ ಕುಸ್ತಿ ಆಡದೆ ವಕೀಲರ ಹತ್ತಿರ ಹೋಗುತ್ತಿದ್ದೆ.

ಆಮೇಲೆ ಹಳೇ ಫೋಟೊಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಪ್ರತಿಯೊಂದಕ್ಕೂ ಫೋಟೊದ ಹೆಸರು, ತೆಗೆದವರು, ಮೂಲ, ಲೈಸೆನ್ಸ್ ಬರೆದಿಟ್ಟೆ. ಲೈಸೆನ್ಸ್ ಇದ್ದ ಪುಟದ ಪ್ರತಿಯನ್ನೂ ವೆಬ್ ಪುಟಗಳ ಹಳೇ ಪ್ರತಿ ಕಾಪಿಡುವ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿದೆ, ನಾಳೆ ಅವರು ಪುಟ ಬದಲಿಸಿದರೆ ತೋರಿಸೋಕೆ ಇರಲಿ ಅಂತ. ಮೂಲವೇ ಗೊತ್ತಾಗದ ಅರವತ್ತಕ್ಕೂ ಜಾಸ್ತಿ ಫೋಟೊ ಕಿತ್ತುಹಾಕಿದೆ. ಕೆಲವು ಬರಹ ಈಗ ಬೋಳಾಗಿ ಕಾಣುತ್ತವೆ. ಇರಲಿ.