ತಲಿಗೆ ಪೆಟ್ಟಾದವ್ರ ಮನಿಯವ್ರು ರಿಸರ್ಚ್ ಸುದ್ದಿ ಹೆಂಗ ಓದಬೇಕು

ಹುಬ್ಬಳ್ಳಿ ಕಿಮ್ಸ್ ಇರ್ಲಿ, ಧಾರವಾಡ ಸತ್ತೂರಿನ ದವಾಖಾನಿ ಇರ್ಲಿ, ಐಸಿಯು ಹೊರಗ ಕುಂತವ್ರ ಫೋನಿಗೆ ಬರೋ ಮೆಸೇಜ್ ಒಂದೆರಡಲ್ರಿ, ಯಾವ್ದೋ ದೇಶದಾಗ ಹೊಸಾ ಇಂಜೆಕ್ಷನ್ ಬಂದೈತಂತ, ಸ್ಟೆಮ್ ಸೆಲ್ (ಬ್ಯಾರೆ ಬ್ಯಾರೆ ತರದ ಜೀವಕೋಶ ಆಗಬಲ್ಲ ಮೂಲ ಕೋಶ) ಹಾಕಿಸಿದ್ರ ಎದ್ದು ಕೂಡ್ತಾನಂತ, ಕಳಿಸೋರು ಪ್ರೀತಿಯಿಂದನ ಕಳಿಸ್ತಾರ ಆದ್ರ ಅದನ್ನ ನಂಬಿ ಹೊಲ ಅಡಾ ಇಟ್ಟವ್ರೂ ಅದಾರ. ರಿಸರ್ಚ್ ಸುದ್ದಿ ಅರ್ಥ ಮಾಡ್ಕೊಳ್ಳಾಕ ಡಾಕ್ಟರಕಿ ಓದಿರಬೇಕು ಅಂತೇನಿಲ್ಲ, ಕೆಲವು ಪ್ರಶ್ನಿ ಕೇಳಾಕ ಬಂದ್ರ ಸಾಕು.

ಮೊದ್ಲು ನಿಮ್ಮ ಪೇಷಂಟ್ ಯಾವ ಗುಂಪಿನಾಗ ಬರ್ತಾರ ಅನ್ನೋದು ತಿಳ್ಕೊರಿ. ಕೇಸ್ ಶೀಟ್‌ನಾಗ ಜಿಸಿಎಸ್ ಅಂತ ಬರದಿರ್ತಾರ, ಅಂದ್ರ ಗ್ಲಾಸ್ಗೋ ಕೋಮಾ ಸ್ಕೇಲ್, ಪೇಷಂಟ್‌ಗೆ ಪ್ರಜ್ಞಿ ಎಷ್ಟೈತಿ ಅಂತ ಅಳಿಯೋ ಮಾರ್ಕ್, 1974ರಾಗ ಟೀಸ್‌ಡೇಲ್ ಮತ್ತ ಜೆನೆಟ್ ಅನ್ನೋ ಇಬ್ರು ಡಾಕ್ಟ್ರು ಮಾಡಿದ್ದು, ಇವತ್ತಿಗೂ ಜಗತ್ತಿನ ತುಂಬ ಅದನ್ನ ಬಳಸ್ತಾರ. ಕಣ್ಣಿಗೆ 4, ಮಾತಿಗೆ 5, ಕೈಕಾಲು ಅಲುಗಾಟಕ್ಕ 6, ಒಟ್ಟು 15, ಎಲ್ಲಾಕಿಂತ ಕಡಿಮಿ ಅಂದ್ರ 3. ಶೀಟ್ ಮ್ಯಾಲೆ ಇ2 ವಿ2 ಎಂ5 (ಇ ಕಣ್ಣು, ವಿ ಮಾತು, ಎಂ ಅಲುಗಾಟ) ಅಂತ ಇತ್ತಂದ್ರ ಹಿಂಗ ಓದ್ರಿ: ನೋವು ಕೊಟ್ರ ಮಾತ್ರ ಕಣ್ಣು ತಗೀತಾರ, ಮಾತಿಲ್ಲ ಬರೇ ನರಳೋ ಸಪ್ಪಳ, ಆದ್ರ ನೋವು ಕೊಟ್ಟ ಜಾಗಾಕ್ಕ ಕೈ ತಂದು ಸರಿಸಾಕ ನೋಡ್ತಾರ. ಕೂಡಿಸಿದ್ರ 9. 13ರಿಂದ 15 ಇದ್ರ ಸಣ್ಣ ಪೆಟ್ಟು, 9ರಿಂದ 12 ನಡುವಿನದ್ದು, 8 ಅಥವಾ ಅದಕ್ಕಿಂತ ಕಡಿಮಿ ಇದ್ರ ಭಾರಿ ಪೆಟ್ಟು ಅಂತ ಲೆಕ್ಕ. ಬಾಯಾಗ ಟ್ಯೂಬ್ ಇದ್ರ ಮಾತಿನ ಮಾರ್ಕ್ ಸರಿಯಾಗಿ ಸಿಗಂಗಿಲ್ಲ, ಅದನ್ನೂ ಬರದಿರ್ತಾರ. ಮೊದಲ್ನೇ ದಿನದ ಜಿಸಿಎಸ್ ಸಿಸ್ಟರ್ ಹತ್ರ ಕೇಳಿ ಬರ್ಕೊಂಡು ಇಟ್ಕೊರಿ, ಯಾಕಂದ್ರ ಮುಂದ ಯಾವ ರಿಸರ್ಚ್ ಓದಿದ್ರೂ ಇದು ನಮ್ಮಂಥವ್ರ ಮ್ಯಾಲೆ ಮಾಡಿದ್ದೋ ಬ್ಯಾರೆಯವ್ರ ಮ್ಯಾಲೆ ಮಾಡಿದ್ದೋ ಅಂತ ಗೊತ್ತಾಗೋದು ಈ ನಂಬರಿನಿಂದ.

ಆಮ್ಯಾಲೆ ಕೇಳ್ರಿ, ಇಲಿ ಮ್ಯಾಲೆ ಮಾಡಿದ್ದೋ ಮನಷ್ಯಾರ ಮ್ಯಾಲೋ, ಎಷ್ಟ್ ಮಂದಿ ಮ್ಯಾಲೆ? ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಇಲಿಗೆ ಭಾಳ ಚಲೋ ಕೆಲಸ ಮಾಡಿತ್ತು, ಸಣ್ಣ ಸಣ್ಣ ಟ್ರಯಲ್‌ನಾಗ (ಅಂದ್ರ ಪೇಷಂಟ್‌ಗಳ ಮ್ಯಾಲೆ ಔಷಧ ಪರೀಕ್ಷಾ ಮಾಡಿ ನೋಡೋದ್ರಾಗ) ಮನಷ್ಯಾರಿಗೂ ಚಲೋ ಅನಿಸಿತ್ತು, 2014ರಾಗ ಎರಡು ದೊಡ್ಡ ಟ್ರಯಲ್ ರಿಸಲ್ಟ್ ಬಂತು, ಎರಡರಾಗೂ ಏನೂ ಲಾಭ ಕಾಣಲಿಲ್ಲ. ಹಿಂಗಾಗಿ ಇಲಿ ಸುದ್ದಿ ನೋಡಿ ಆಸೆ ಕಟ್ಕೋಬ್ಯಾಡ್ರಿ.

ಹೋಲಿಸಿ ನೋಡಿದ ಗುಂಪು ಐತೋ ಇಲ್ಲೋ ಅನ್ನೋದು ಎಲ್ಲಾಕಿಂತ ದೊಡ್ಡ ಮಾತು. ಇಲ್ಲಿ ಸ್ಟೀರಾಯ್ಡ್ ಕಥಿ ಹೇಳಲೇಬೇಕು. ತಲಿ ಪೆಟ್ಟಿಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಡಾಕ್ಟ್ರು ಸ್ಟೀರಾಯ್ಡ್ ಕೊಟ್ರು, ಬಾವು ಇಳಿತೈತಿ ಅನ್ನೋ ನಂಬಿಕಿ, ಕೊಟ್ಟವ್ರಾಗ ಆರಾಮಾದವ್ರೂ ಇದ್ರು. ಆಮ್ಯಾಲೆ ಕ್ರಾಶ್ ಅನ್ನೋ ಟ್ರಯಲ್‌ನಾಗ 10,008 ಮಂದಿನ್ನ ಚೀಟಿ ಎತ್ತಿದಂಗ ಎರಡು ಗುಂಪು ಮಾಡಿ ಒಬ್ರಿಗೆ ಸ್ಟೀರಾಯ್ಡ್ ಇನ್ನೊಬ್ರಿಗೆ ಬರೇ ಡಮ್ಮಿ ಔಷಧ ಕೊಟ್ಟು ನೋಡಿದ್ರು, 2004ರಾಗ ರಿಸಲ್ಟ್ ಬಂತು: ಎರಡು ವಾರದಾಗ ಸ್ಟೀರಾಯ್ಡ್ ಗುಂಪಿನಾಗ ನೂರಕ್ಕ 21.1 ಮಂದಿ ತೀರ್ಕೊಂಡ್ರು, ಇನ್ನೊಂದರಾಗ 17.9. ಚಲೋದು ಅಂತ ಕೊಟ್ಟಿದ್ದು ಜೀವ ತಗೊಂಡಿತ್ತು. "ನಮ್ಮ ಕಾಕಾಗ ಕೊಟ್ಟಿದ್ರು, ಆರಾಮಾದ್ರು" ಅನ್ನೋದು ಯಾಕ ಸಾಲಂಗಿಲ್ಲ ಅಂತ ಇದರ ಮ್ಯಾಲೆ ತಿಳೀತೈತಿ, ಆ ಕಾಕಾ ಔಷಧ ಇಲ್ದನೂ ಆರಾಮಾಗ್ತಿದ್ರೋ ಏನೋ.

ಇನ್ನೊಂದು, ಉಳಿದ್ರು ಅಂದ್ರ ಹೆಂಗ ಉಳಿದ್ರು ಅಂತ ಕೇಳ್ರಿ. ಮೆದುಳಿನ ಪ್ರೆಶರ್ ಇಳೀದಿದ್ರ ಬುರುಡಿ ಎಲುಬು ತಗದು ಇಡೋ ಆಪರೇಷನ್ ಇರ್ತೈತಲ್ಲ, 2016ರ ರೆಸ್ಕ್ಯು ಐಸಿಪಿ ಟ್ರಯಲ್‌ನಾಗ ಆರು ತಿಂಗಳಿಗೆ ಸಾವು ಆಪರೇಷನ್ ಗುಂಪಿನಾಗ ನೂರಕ್ಕ 26.9, ಔಷಧದ ಗುಂಪಿನಾಗ 48.9, ಎಷ್ಟ್ ಫರಕ್ ನೋಡ್ರಿ. ಆದ್ರ ಪ್ರಜ್ಞಿ ಬರದ ಹಂಗ ಮಲಗಿದವ್ರು ಆಪರೇಷನ್ ಗುಂಪಿನಾಗ ನೂರಕ್ಕ 8.5, ಔಷಧದ ಗುಂಪಿನಾಗ 2.1. ಸಹಿ ಮಾಡೋ ಮುಂಚೆ ಈ ಎರಡೂ ಲೆಕ್ಕ ಮನಿಯವ್ರಿಗೆ ಗೊತ್ತಿರಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಡಾಕ್ಟ್ರಿಗೆ ಕೇಳಾಕ ಸಂಕೋಚ ಬ್ಯಾಡ.

ಟೈಮ್ ಬಗ್ಗೆನೂ ಓದ್ರಿ. ಟ್ರಾನೆಕ್ಸಾಮಿಕ್ ಆಸಿಡ್ ಅಂತ ರಕ್ತ ನಿಲ್ಸೋ ಇಂಜೆಕ್ಷನ್, ದುಬಾರಿ ಅಲ್ಲ, 2019ರ ಕ್ರಾಶ್-3 ಟ್ರಯಲ್ ಪ್ರಕಾರ ಪೆಟ್ಟಾದ 3 ತಾಸಿನೊಳಗ ಕೊಟ್ರ ಸಣ್ಣ ಮತ್ತ ನಡುವಿನ ಪೆಟ್ಟಿನವ್ರಾಗ ತಲಿ ಪೆಟ್ಟಿನಿಂದಾದ ಸಾವು ಕಡಿಮಿ ಆತು, ಭಾರಿ ಪೆಟ್ಟಿನವ್ರಾಗ ಲಾಭ ಕಾಣಲಿಲ್ಲ. ಈಗ ನಮ್ಮ ಕಡೆ ಲೆಕ್ಕ ಹಾಕ್ರಿ, ಹಾವೇರಿ ಕಡೆ ಹಳ್ಳ್ಯಾಗ ಬೈಕ್ ಬಿದ್ರ ಮೊದ್ಲು ತಾಲೂಕ್ ದವಾಖಾನಿ, ಅಲ್ಲಿಂದ ಜಿಲ್ಲಾ, ಅಲ್ಲಿಂದ ಹುಬ್ಬಳ್ಳಿ, ಒಂದೊಂದು ಕಡೆ ಚೀಟಿ ಮಾಡ್ಸಿ ಗಾಡಿ ಹುಡುಕೋದ್ರಾಗ ಆ 3 ತಾಸು ಮುಗದ ಹೋಗ್ತಾವು. ಅದಕ್ಕ 108ಕ್ಕ ಫೋನ್ ಮಾಡ್ದಾಗನ ತಲಿಗೆ ಪೆಟ್ಟಾಗೈತಿ ಅಂತ ಹೇಳ್ರಿ, ಪೆಟ್ಟಾದ ಟೈಮ್ ಬರದು ಪೇಷಂಟ್ ಜೋಡಿ ಕಳಿಸ್ರಿ, ಸಿಟಿ ಸ್ಕ್ಯಾನ್ ಎಲ್ಲೈತಿ ಅಂತ ಮೊದಲ ಕೇಳ್ರಿ.

ಮೆದುಳು ಸುಧಾರಿಸ್ಲಿ ಅಂತ ಸಿಟಿಕೋಲಿನ್ ಗುಳಿಗಿ ಭಾಳ ಮಂದಿಗೆ ಬರದು ಕೊಟ್ಟಿರ್ತಾರ, 2012ರಾಗ 1,213 ಮಂದಿ ಮ್ಯಾಲೆ ಮಾಡಿದ ಟ್ರಯಲ್‌ನಾಗ ಅದರಿಂದ ಲಾಭ ಕಾಣಲಿಲ್ಲ. ನೀವಾಗೇ ನಿಲ್ಲಿಸಬ್ಯಾಡ್ರಿ, ಆದ್ರ ಸಾಲ ಮಾಡಿ ತರ್ತಿದ್ರ "ಇದು ಬೇಕ ಬೇಕೇನ್ರಿ ಸರ್" ಅಂತ ಕೇಳ್ರಿ, ಆ ರೊಕ್ಕ ಫಿಸಿಯೋಥೆರಪಿಗೆ ಹಾಕಬಹುದು.

ಯಾರಾದ್ರೂ ಟ್ರಯಲ್‌ಗೆ ಸೇರ್ರಿ ಅಂದ್ರ ಸಿಟಿಆರ್‌ಐ ನಂಬರ್ ಕೇಳ್ರಿ, ನಮ್ಮ ದೇಶದ ಟ್ರಯಲ್ ರಿಜಿಸ್ಟರ್ ಅದು, 2007ರಿಂದ ಐತಿ, ಯಾರು ಬೇಕಾದ್ರೂ ನೆಟ್‌ನಾಗ ಪುಕ್ಕಟ ಹುಡುಕಬಹುದು. ಎಥಿಕ್ಸ್ ಕಮಿಟಿ (ಟ್ರಯಲ್ ನ್ಯಾಯವಾಗಿ ನಡೀತೈತೋ ಇಲ್ಲೋ ನೋಡೋ ಸಮಿತಿ) ಒಪ್ಪಿಗಿ ಇರಬೇಕು, ಕಾಗದ ನಿಮಗ ತಿಳಿಯೋ ಭಾಷಾದಾಗ ಇರಬೇಕು, ನಡುವ ಬ್ಯಾಡ ಅನಿಸಿದ್ರ ಹೊರಗ ಬರಾಕ ಹಕ್ಕೈತಿ. ಟ್ರಯಲ್ ಔಷಧ ಅಂತ ಲಕ್ಷಗಟ್ಟಲೆ ರೊಕ್ಕ ಕೇಳಿದ್ರ ಮುಂದ ಹೋಗಬ್ಯಾಡ್ರಿ, ಸ್ಟೆಮ್ ಸೆಲ್ ಹೆಸರಿನಾಗ ಇದು ಜಾಸ್ತಿ.

ರೌಂಡ್ಸ್ ಟೈಮ್‌ದಾಗ ಮನಿ ಮಂದಿ ಎಲ್ಲಾ ಒಮ್ಮೆಲೆ ಕೇಳಿದ್ರ ಯಾವ್ದಕ್ಕೂ ಉತ್ತರ ಸಿಗಂಗಿಲ್ಲ, ಒಬ್ರನ್ನ ಗೊತ್ತು ಮಾಡ್ರಿ, ಪ್ರಶ್ನಿ ಹಾಳಿ ಮ್ಯಾಲೆ ಬರ್ಕೊಂಡು ಹೋಗ್ರಿ, ಡಾಕ್ಟ್ರು ಹೇಳಿದ್ದನ್ನ ಅದರ ಕೆಳಗನ ತಾರೀಖು ಹಾಕಿ ಬರ್ಕೊರಿ.