ಅಮಲು ಮಾತ್ರೆ, ಬ್ರೌನ್ ಶುಗರ್ ಬಿಡಬೇಕು ಅಂತಿದ್ದೀರಾ? ಕಾಸರಗೋಡಿನಲ್ಲೇ ಕೂತು, ಕಡಿಮೆ ಖರ್ಚಿನಲ್ಲಿ ಆನ್‌ಲೈನ್ ನೆರವು ಪಡೆಯುವುದು ಹೇಗೆ

ಗೂಗಲ್‌ನಲ್ಲಿ ಈ ವಿಷಯ ಹುಡುಕಿದರೆ ಮೊದಲು ಬರುವುದೆಲ್ಲ ಅಮೆರಿಕದ ಕಂಪೆನಿಗಳು. ವಿಡಿಯೋ ಕಾಲ್‌ನಲ್ಲಿ ಡಾಕ್ಟರು ನೋಡುತ್ತಾರೆ, ಅಮಲು ಬಿಡುವಾಗಿನ ಸಂಕಟ ಇಳಿಸುವ ಬ್ಯುಪ್ರೆನಾರ್ಫಿನ್ ಮಾತ್ರೆ ಬರೆದು ಕೊಡುತ್ತಾರೆ, ಹತ್ತಿರದ ಮೆಡಿಕಲ್‌ನಲ್ಲಿ ತಗೊಳ್ಳಿ ಅಂತ ಇರುತ್ತದೆ. ಅಲ್ಲಿಯವರಿಗೆ ಅದು ಸರಿ. ಬದಿಯಡ್ಕದಲ್ಲೋ ಉಪ್ಪಳದಲ್ಲೋ ಕೂತವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ನಮ್ಮ ದೇಶದ 2020ರ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಪ್ರಕಾರ, ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿಗಳನ್ನು ಡಾಕ್ಟರು ಫೋನಲ್ಲಿ ನೋಡಿ ಬರೆದುಕೊಡುವ ಹಾಗಿಲ್ಲ. ಬ್ಯುಪ್ರೆನಾರ್ಫಿನ್ ಆ ಪಟ್ಟಿಯಲ್ಲಿದೆ. ಹಾಗಾಗಿ ಮೊದಲೇ ಗೊತ್ತಿರಲಿ: ಕೌನ್ಸೆಲಿಂಗ್, ದಾರಿ ತೋರಿಸುವವರು, ಜೊತೆಗೆ ಕೂತು ಮಾತಾಡುವವರು, ಇಷ್ಟೆಲ್ಲ ಆನ್‌ಲೈನ್‌ನಲ್ಲಿ ಬಹುಪಾಲು ಪುಕ್ಕಟೆಯಾಗಿ ಸಿಗುತ್ತದೆ. ಆ ಮಾತ್ರೆಗೆ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತಲೇಬೇಕು. ಎರಡನ್ನೂ ಸೇರಿಸಿಕೊಂಡರೆ ಖರ್ಚು ತುಂಬಾ ಇಳಿಯುತ್ತದೆ.

ಫೋನ್ ಮಾಡುವ ಮೊದಲು ಒಂದು ಕೆಲಸ ಇದೆ. ತಗೊಳ್ಳುತ್ತಿರುವುದು ನಿಜವಾಗಿ ಏನು ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಕಡೆ ಪೇಪರಿನಲ್ಲಿ ಎಂಡಿಎಂಎ ಸುದ್ದಿಯೇ ಜಾಸ್ತಿ. ಎಂಡಿಎಂಎ, ಗಾಂಜಾ ಇವು ಒಪಿಯಾಯ್ಡ್ (ಅಫೀಮಿನ ಗುಂಪಿನದ್ದು) ಅಲ್ಲ, ಅವುಗಳ ಚಿಕಿತ್ಸೆಯೇ ಬೇರೆ. ಹೆರಾಯಿನ್, ಬ್ರೌನ್ ಶುಗರ್, ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವು ಒಪಿಯಾಯ್ಡ್. ಅಡಿಕೆ ಮರದಿಂದ ಬಿದ್ದು ಸೊಂಟನೋವಿಗೆ ಅಂತ ಶುರು ಮಾಡಿದ ಮಾತ್ರೆ ಬಿಡಲಾಗದೆ ಕೂತವರಿಗೂ ಇದೇ ದಾರಿ, ಅವರೇನೂ ಬೇರೆ ಜಾತಿಯವರಲ್ಲ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದಲ್ಲಿರುವುದು ಕಂಪೆನಿ ಇಟ್ಟ ಹೆಸರು. ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಅರ್ಧ ಹರಿದ ಸ್ಟ್ರಿಪ್ ಆದರೂ ಸರಿ, ಒಂದು ಫೋಟೋ ತೆಗೆದಿಡಿ.

ಈಗ ಫೋನ್. ಮೊದಲ ನಂಬರ್ 14416, ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ. ಕೇಂದ್ರ ಸರಕಾರ 2022ರಲ್ಲಿ ಶುರು ಮಾಡಿದ್ದು, ಹಿಂದೆ ನಿಂತಿರುವುದು ಬೆಂಗಳೂರಿನ ನಿಮ್ಹಾನ್ಸ್. ರಾತ್ರಿ ಹಗಲು ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಆ ಕಡೆಯಿಂದ ಮಲಯಾಳದಲ್ಲಿ ಮಾತು ಶುರುವಾದರೆ ಗಾಬರಿಯಾಗಿ ಕಟ್ ಮಾಡಬೇಡಿ. ಕನ್ನಡದವರನ್ನು ಕೊಡಿ ಅಂತ ನೇರವಾಗಿ ಕೇಳಿ. ಮಲಯಾಳ ಸಲೀಸಾಗಿ ಬರುವವರಿಗೆ ಕೇರಳ ಅಬಕಾರಿ ಇಲಾಖೆಯ ಅಮಲು ಬಿಡಿಸುವ ಯೋಜನೆ ವಿಮುಕ್ತಿಯ ನಂಬರ್ 14405 ಇದೆ. ಅಮಲಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮೂರೂ ಟೋಲ್ ಫ್ರೀ.

ಏನು ಹೇಳುವುದು ಅಂತ ತಡವರಿಸುವವರೇ ಜಾಸ್ತಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವುದು, ದಿನಕ್ಕೆ ಎಷ್ಟು, ಎಷ್ಟು ಸಮಯದಿಂದ, ಕೊನೆಗೆ ತಗೊಂಡದ್ದು ಯಾವಾಗ, ಜೊತೆಗೆ ಕುಡಿತವೋ ನಿದ್ದೆ ಮಾತ್ರೆಯೋ ಇದೆಯಾ. ಗರ್ಭಿಣಿಯಾದರೆ ಅದನ್ನು ಮೊದಲೇ ಹೇಳಿ, ಯಾಕೆಂದರೆ ಗರ್ಭಿಣಿಯರು ಒಮ್ಮೆಲೇ ನಿಲ್ಲಿಸುವುದು ಮಗುವಿಗೂ ಅಪಾಯ. ಕೊನೆಗೆ ಒಂದು ಪ್ರಶ್ನೆ ಕೇಳಲೇಬೇಕು: "ನನಗೆ ಹತ್ತಿರದಲ್ಲಿ ಬ್ಯುಪ್ರೆನಾರ್ಫಿನ್ ಕೊಡುವ ಸರಕಾರಿ ಜಾಗ ಯಾವುದು, ಯಾವ ದಿನ ಹೋಗಬೇಕು?" ಈ ಪ್ರಶ್ನೆಗೆ ಉತ್ತರ ಸಿಗದೆ ಫೋನ್ ಇಡಬೇಡಿ.

ಆ ಮಾತ್ರೆಗೆ ಯಾಕಿಷ್ಟು ಒತ್ತು ಅಂದರೆ, ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡು ಅಂತ ಹೇಳುವುದು ಸುಲಭ. ಹೆರಾಯಿನ್ ನಿಲ್ಲಿಸಿದ ಮೊದಲ ದಿನವೇ ಮೈಕೈ ನೋವು, ವಾಂತಿ, ಭೇದಿ, ನಿದ್ದೆ ಇಲ್ಲ. ಎರಡು ಮೂರನೇ ದಿನಕ್ಕೆ ಅದು ತಾರಕಕ್ಕೇರುತ್ತದೆ. ನಾಲಿಗೆ ಅಡಿಯಲ್ಲಿಡುವ ಬ್ಯುಪ್ರೆನಾರ್ಫಿನ್ ಈ ಸಂಕಟವನ್ನೂ ಬೇಕು ಬೇಕು ಅನ್ನುವ ಚಡಪಡಿಕೆಯನ್ನೂ ಇಳಿಸುತ್ತದೆ, ಸಾಯುವ ಅಪಾಯವನ್ನೂ ಕಡಿಮೆ ಮಾಡುತ್ತದೆ. ಒಪಿಯಾಯ್ಡ್ ತಗೊಂಡರೂ ಅಮಲು ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಅಂತ ಇನ್ನೊಂದು ಮಾತ್ರೆ ಇದೆ. ಅದನ್ನು ಮೈಯಿಂದ ಒಪಿಯಾಯ್ಡ್ ಪೂರ್ತಿ ಹೋದ ಮೇಲೇ ತಗೊಳ್ಳಬೇಕು, ಸಾಮಾನ್ಯವಾಗಿ 7ರಿಂದ 10 ದಿನ. ಮೊದಲೇ ನುಂಗಿದರೆ ಸಂಕಟ ಹತ್ತು ಪಾಲು ಆಗಿ ಒಮ್ಮೆಲೇ ಎರಗುತ್ತದೆ. ಗೆಳೆಯ ಕೊಟ್ಟ ಅಂತ ಸುಮ್ನೆ ನುಂಗುವ ಮಾತ್ರೆ ಅಲ್ಲ ಅದು.

ನಮ್ಮ ಜಿಲ್ಲೆಯ ವಿಮುಕ್ತಿ ಕೇಂದ್ರ ಇರುವುದು ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ಮಂಜೇಶ್ವರ, ಕುಂಬಳೆ ಕಡೆಯವರಿಗೆ ಮಂಗಳೂರು ಹತ್ತಿರ, ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಆದರೆ ಬರೀ ಮಂಗಳೂರನ್ನೇ ನಂಬಿ ಕೂರಬೇಡಿ. 2020ರಲ್ಲಿ ಕೊರೊನಾ ಹೊತ್ತಿಗೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದ ನಮ್ಮ ರೋಗಿಗಳ ಪಾಡು ಏನಾಯಿತು ಅಂತ ನೆನಪಿದೆ ಅಲ್ವಾ? ದಿನಾ ಬೇಕಾದ ಔಷಧಿಗೆ ಗಡಿಯ ಈಚೆಗೂ ಒಂದು ಕಡೆ ಆಸ್ಪತ್ರೆಯ ಚೀಟಿ ಮಾಡಿಸಿಟ್ಟಿರಲಿ. ಮೊದಲ ಸಲ ಖುದ್ದಾಗಿ ಹೋದಾಗಲೇ, ಮುಂದಿನ ಕೌನ್ಸೆಲಿಂಗ್ ಫೋನಲ್ಲಿ ಮಾಡಬಹುದಾ ಅಂತ ಕೇಳಿ. ಒಪ್ಪಿದರೆ ಬಸ್ಸಿನ ದುಡ್ಡೂ ಒಂದು ದಿನದ ಕೂಲಿಯೂ ಉಳಿಯಿತು.

ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆ ತುಂಬಾ ಜನರಿಗಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ ತಾನಾಗಿ ಸರಕಾರಿ ಆಸ್ಪತ್ರೆಗೋ ಮಾನ್ಯತೆ ಇರುವ ಕೇಂದ್ರಕ್ಕೋ ಹೋಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಆನ್‌ಲೈನ್ ಮೀಟಿಂಗ್. ಅಮಲು ಬಿಟ್ಟವರೂ ಬಿಡಲು ಹೊರಟವರೂ ಒಟ್ಟಿಗೆ ಕೂತು ಮಾತಾಡುವ ಗುಂಪು ನಾರ್ಕೋಟಿಕ್ಸ್ ಅನಾನಿಮಸ್, 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಈಗ ಜೂಮ್‌ನಲ್ಲಿ ಯಾವ ಹೊತ್ತಿಗೂ ಎಲ್ಲಾದರೂ ಒಂದು ಮೀಟಿಂಗ್ ನಡೆಯುತ್ತಲೇ ಇರುತ್ತದೆ. ಫೀಸ್ ಇಲ್ಲ, ಬಿಡಬೇಕು ಅನ್ನುವ ಮನಸ್ಸಿದ್ದರೆ ಸಾಕು. ಅಲ್ಲಿ ಬರುವ ದೇವರ ಮಾತು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಇನ್ನೊಂದು ಗುಂಪು ಇದೆ. ಬಹುತೇಕ ಇಂಗ್ಲಿಷ್‌ನಲ್ಲೇ ನಡೆಯುತ್ತವೆ, ಆದರೆ ಸುಮ್ನೆ ಕೇಳುತ್ತಾ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಸಮಯ ಲೆಕ್ಕ ಹಾಕಿ. ನ್ಯೂಯಾರ್ಕಿನ ರಾತ್ರಿ 8 ಗಂಟೆ ಅಂದರೆ ನಮಗೆ ಮರುದಿನ ಬೆಳಗ್ಗೆ 5.30, ಅಲ್ಲಿ ಚಳಿಗಾಲವಾದರೆ 6.30. ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಆ ಹೊತ್ತಿಗೆ ಎದ್ದೇ ಇರುತ್ತಾರೆ ಬಿಡಿ.

ಜೂಮ್ ತೆರೆಯುವಾಗ ಹೆಸರಿನ ಜಾಗ ಒಮ್ಮೆ ನೋಡಿ, ಎಷ್ಟೋ ಫೋನುಗಳಲ್ಲಿ ಮನೆತನದ ಹೆಸರಿನ ಸಮೇತ ಪೂರ್ತಿ ಹೆಸರು ತಾನಾಗಿ ಕೂತಿರುತ್ತದೆ. ಅಳಿಸಿ ಒಂದು ಅಕ್ಷರ ಹಾಕಿ, ಕ್ಯಾಮೆರಾ ಮುಚ್ಚಿ, ಆಮೇಲೆ ಒಳಗೆ ಹೋಗಿ. ಕಿವಿಗೆ ಇಯರ್‌ಫೋನ್ ಇರಲಿ. ವಾಟ್ಸ್ಆಪ್ ಗುಂಪಿಗೆ ಸೇರುವ ಮೊದಲು ಎರಡು ಸಲ ಯೋಚಿಸಿ, ಅಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಕಾಣುತ್ತದೆ, ನಮ್ಮೂರು ಎಷ್ಟು ಸಣ್ಣದು ಅಂತ ನಿಮಗೆ ಗೊತ್ತು. ತೋಟದೊಳಗೆ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡೆ ಹತ್ತಿ, ವಿಡಿಯೋ ಬಂದ್ ಮಾಡಿ ಬರೀ ಧ್ವನಿ ಕೇಳಿ. ಡೇಟಾ ಕೂಡ ಕಡಿಮೆ ಸಾಕು.

ಮೀಟಿಂಗ್‌ನಲ್ಲಿ ಯಾರಾದರೂ "ಬ್ಯುಪ್ರೆನಾರ್ಫಿನ್ ತಗೊಂಡರೆ ಬಿಟ್ಟ ಹಾಗಲ್ಲ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಔಷಧಿ ವಿಷಯ ನಿಮ್ಮ ಮತ್ತು ಡಾಕ್ಟರ ನಡುವಿನದು. ಅಂಥ ಮಾತು ಮತ್ತೆ ಮತ್ತೆ ಬಂದರೆ ಬೇರೆ ಮೀಟಿಂಗ್ ಹುಡುಕಿ.

ದುಡ್ಡು ಕೊಟ್ಟು ಆ್ಯಪ್‌ನಲ್ಲಿ ಕೌನ್ಸೆಲಿಂಗ್ ತಗೊಳ್ಳುವವರು ಮೊದಲೇ ಎರಡು ಕೇಳಿ. ಡಾಕ್ಟರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಸಂಖ್ಯೆ. ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಹತ್ತು ಸೆಷನ್ನಿನ ಪ್ಯಾಕೇಜ್ ಬೇಡ, ಒಂದೊಂದಕ್ಕೇ ದುಡ್ಡು ಕೊಡಿ. "ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ, ಒಂದೇ ತಿಂಗಳಲ್ಲಿ ಬಿಡುತ್ತಾರೆ" ಅನ್ನುವ ಪುಡಿಯ ಜಾಹೀರಾತು ಫೇಸ್‌ಬುಕ್‌ನಲ್ಲಿ ಬರುತ್ತದಲ್ಲ, ಅದು ಬರೀ ಮೋಸ, ಒಳಗೆ ಏನಿದೆ ಅಂತ ದೇವರಿಗೇ ಗೊತ್ತು.

ಮನೆಯವರೂ ಇಷ್ಟು ತಿಳಿದಿರಲಿ. ಕೆಲವು ವಾರ ಬಿಟ್ಟವರು ಮತ್ತೆ ಹಳೆಯ ಅಳತೆಯಲ್ಲೇ ತಗೊಂಡರೆ ಮೈ ತಡೆಯುವುದಿಲ್ಲ, ಸಾಯುವ ಅಪಾಯ ಆಗ ತುಂಬಾ ಜಾಸ್ತಿ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಅಂತ ಕಂಡರೆ ಆ್ಯಪ್, ಸಹಾಯವಾಣಿ ಯಾವುದೂ ಬೇಡ, ನೇರ 108. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಏನು ತಗೊಂಡದ್ದು ಅಂತ ಆಂಬುಲೆನ್ಸಿನವರಿಗೆ ಮುಚ್ಚಿಡದೆ ಹೇಳಿ, ಆ ಸ್ಟ್ರಿಪ್‌ನ ಫೋಟೋ ತೋರಿಸಿ. ಒಪಿಯಾಯ್ಡ್‌ನ ಅಮಲು ಇಳಿಸಿ ಉಸಿರು ಮರಳಿಸುವ ನಾಲಾಕ್ಸೋನ್ ಇಂಜೆಕ್ಷನ್ ಕೊಡಬೇಕಾ ಅಂತ ಅವರು ಅದನ್ನು ನೋಡಿ ತೀರ್ಮಾನಿಸಬಹುದು.